ಮಗ್ಗದಿಂದ ಇಳಿದ ಸೀರೆಗಳು

ಬನಹಟ್ಟಿ, ಜಮಖಂಡಿ ಸಂಸ್ಥಾನ
ಸೋಮವಾರ, ೨೧ ನವೆಂಬರ್ ೧೯೩೨

ಸೌಭಾಗ್ಯವತಿ ಗುರುಬಸವ್ವಗೆ, ಪರಮಾನಂದನ ಆಶೀರ್ವಾದಗಳು.

ಶೇವಂತಿಯ ಜ್ವರ ಇಳಿಯಿತೇ? ಕೂಸು ಮೊಲೆ ಹಿಡಿಯುತ್ತಿದೆಯೇ? ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ನಗುತ್ತ ಬಂದ ಮಗಳು ಈ ಸಲ ಗಾಡಿ ಹತ್ತಲಾರದಷ್ಟು ಸೋತಳಲ್ಲ, ನೀನೇ ಮುಧೋಳಕ್ಕೆ ಓಡಬೇಕಾಯಿತಲ್ಲ ಎಂಬುದೇ ಹಗಲೆಲ್ಲ ತಲೆಯಲ್ಲಿ. ನಿನ್ನ ಸೊಂಟನೋವು ಹೇಗಿದೆ? ಬಾಣಂತಿಯನ್ನು ನೋಡುವ ಭರದಲ್ಲಿ ನೀನು ಉಣ್ಣುವುದನ್ನು ಮರೆಯಬೇಡ. ನಾನು ಅಡಿಗೆ ಮಾಡಿಕೊಳ್ಳುತ್ತಿದ್ದೇನೆ, ಅಂದರೆ ಹಿಟ್ಟನ್ನು ಹಾಳುಮಾಡುತ್ತಿದ್ದೇನೆ. ನಿನ್ನೆ ಬಡಿದ ರೊಟ್ಟಿಯನ್ನು ಬೆಕ್ಕು ಮೂಸಿ ನೋಡಿ, ಆಮೇಲೆ ನನ್ನ ಮುಖ ನೋಡಿತು. ಈ ಕಾಗದವನ್ನು ಅಳಿಯಂದಿರ ಕೈಗೆ ಕೊಟ್ಟು ಓದಿಸಬೇಡ. ನೀನು ಮೂರನೆಯ ಇಯತ್ತೆಯವರೆಗೆ ಕಲಿತದ್ದು ಇಂಥ ದಿನಕ್ಕೇ ಎಂದುಕೋ. ಅಕ್ಷರ ಕೂಡಿಸುವುದಕ್ಕೆ ಹೊತ್ತು ಹಿಡಿದರೆ ಹಿಡಿಯಲಿ.

ನೀನು ಹೋದಮೇಲೆ ಇಲ್ಲಿ ನಡೆದದ್ದನ್ನು ಹೇಳಬೇಕು. ನಮ್ಮ ಶಿವಯೋಗೆಪ್ಪ ಸಾವ್ಕಾರರು ಬಿದ್ದರು. ಬಚ್ಚಲಲ್ಲಿ ಅಲ್ಲ, ವ್ಯಾಪಾರದಲ್ಲಿ. ಸೋಲಾಪುರದ ನೂಲಿನ ವ್ಯಾಪಾರಿಗಳು ಜಮಖಂಡಿಯ ಕೋರ್ಟಿಗೆ ಹೋಗಿದ್ದಾರೆ, ಅಂಗಡಿಗೆ ಸೀಲು ಬಿದ್ದಿದೆ. ಇದು ಒಂದು ದಿನದಲ್ಲಿ ಆದದ್ದಲ್ಲ. ಎರಡು ವರ್ಷದಿಂದ ಸೀರೆ ಕೊಳ್ಳುವವರೇ ಇಲ್ಲ, ಇದ್ದವರು ಉದ್ರಿ ಕೇಳುವವರು. ಹೋದ ಯುಗಾದಿಗೆ ಖಾತೆ ಬರೆಯುತ್ತ ನಾನೇ ಕಟ್ಟಿದ್ದೆ:

ನೂಲೂ ಸಾಲ, ಬಣ್ಣವೂ ಸಾಲ,
ಸಾವ್ಕಾರ ಉಣ್ಣುವ ಅನ್ನವೂ ಸಾಲ;
ಸಾಲದ ಮನೆಯಲಿ ನನ್ನ ಪಗಾರ
ಬರೆಯಲು ಉಂಟು, ಬರುವುದಕಿಲ್ಲ.

ನೀನು ಕೇಳಿ ನಕ್ಕಿದ್ದೆ. ಆಗ ಬಾಕಿ ನಾಲ್ಕು ತಿಂಗಳದ್ದಿತ್ತು, ಈಗ ಹನ್ನೊಂದಾಯಿತು. ನನ್ನದು ಹೋಗಲಿ, ಕಾಗದದ ಮೇಲೆ ಗೆರೆ ಎಳೆದು ಬದುಕಿದವನು ನಾನು. ನೇಕಾರರದು ಹಾಗಲ್ಲ. ಸಾವ್ಕಾರರ ನೂಲು ಒಯ್ದು, ತಮ್ಮ ಮನೆಯ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವ ಹನ್ನೊಂದು ಮನೆಗಳು. ಸೀರೆ ತಂದು ಕೊಟ್ಟ ದಿನ ಮಜೂರಿ ಸಿಕ್ಕರೆ ಒಲೆ ಉರಿಯಬೇಕು. ಆಷಾಢದಲ್ಲಿ ಮಜೂರಿ ನಿಂತಾಗ ಅವರು ಬೈಯಲಿಲ್ಲ, ಕೂಗಾಡಲಿಲ್ಲ. ನೇಯ್ದು ಮುಗಿದ ಸೀರೆಯನ್ನು ಕೊಯ್ಯದೆ ಮಗ್ಗದ ಮೇಲೆಯೇ ಬಿಟ್ಟರು. ನೂಲು ಸಾವ್ಕಾರರದು, ನೇಯ್ಗೆ ತಮ್ಮದು. ಮಜೂರಿ ಬಂದ ದಿನ ಕತ್ತರಿ ಆಡೀತು, ಇಷ್ಟೇ ಅವರ ಮಾತು. ಮಗ್ಗಕ್ಕೆ ಒಮ್ಮೆ ಏರಿಸಿದ ಹಾಸುನೂಲಿನಲ್ಲಿ ಮೂರು ನಾಲ್ಕು ಸೀರೆ ಬರುತ್ತವಲ್ಲ, ಹನ್ನೊಂದು ಮನೆಗಳಲ್ಲಿ ಸೇರಿ ಮೂವತ್ತೆಂಟು ಸೀರೆ ಹಾಗೆ ಸುತ್ತಿಕೊಂಡು ಕುಳಿತವು. ಹಿತ್ತಾಳೆ ಕೊಡ ಮಾರಿ ಉಂಡರೇ ಹೊರತು ಒಂದು ಎಳೆ ಕೊಯ್ಯಲಿಲ್ಲ.

ಆದರೆ ನೀನು ಹೋದ ಮರುವಾರವೇ ಮಹಾನವಮಿ ಬಂತು. ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ದಿನ ಮಗ್ಗದ ಮೇಲೆ ಮುಗಿದ ಸೀರೆ ಇರಕೂಡದು, ಬರಿದು ಮಾಡಿ ತೊಳೆದೇ ಪೂಜಿಸಬೇಕು. ಇಳಿದ ಸೀರೆಗಳು ಸಾವ್ಕಾರರ ದೇವರ ಕೋಣೆಯಲ್ಲಿ ಒಂದು ರಾತ್ರಿ ಇರಬೇಕು. ಮರುದಿನ ಬನ್ನಿ ಕೊಟ್ಟು ಮಜೂರಿ ಒಯ್ಯುವುದು, ಸಾವ್ಕಾರರ ಅಜ್ಜನ ಕಾಲದಿಂದ ನಡೆದು ಬಂದದ್ದು. ಹಿರಿಯ ನೇಕಾರ ಶಂಕರೆಪ್ಪ ಹಿಂದಿನ ದಿನ ನನ್ನ ಹತ್ತಿರ ಬಂದ. "ಗುಮಾಸ್ತರ, ಕೊಯ್ದ್ರ ಮಜೂರಿ ಹೋಗತೈತಿ, ಕೊಯ್ಲಿಲ್ಲಂದ್ರ ಮಗ್ಗಕ್ಕ ಪೂಜಿ ಇಲ್ಲ. ನೀವು ಓದಿದವರು, ನೀವು ಹೇಳ್ರಿ" ಎಂದ. ಓದಿದವನು ಏನು ಹೇಳಿದೆ ಗೊತ್ತೇ? "ದೇವರ ಮುಂದ ಇಟ್ಟ ಸೀರಿಗೆ ಯಾವ ಮಗ ಕೈ ಹಚ್ಚತಾನೋ? ಕೊಯ್ಯೋ" ಎಂದೆ. ಹತ್ತೊಂಬತ್ತು ವರ್ಷ ಒಂದೊಂದು ಸೀರೆಗೂ ಚೀಟಿ ಬರೆದು, ನೇಕಾರನ ಹೆಸರು, ಮಜೂರಿ ಸಂದಿತೋ ಬಾಕಿಯೋ ಎಂಬುದನ್ನು ಹಾಕಿ ಮಡಿಕೆಯಲ್ಲಿ ಸಿಕ್ಕಿಸಿದವನು ನಾನು. ಆ ದಿನ ದೇವರ ಎದುರಿಗೆ ಚೀಟಿ ಬರೆಯುವುದು ದೇವರನ್ನೇ ನಂಬದ ಹಾಗಾದೀತೆಂದು ಮಸಿಯ ಟಾಕನ್ನು ಮುಟ್ಟಲಿಲ್ಲ. ಮೂವತ್ತೆಂಟು ಸೀರೆ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕುಳಿತವು, ನೋಡಲು ಚೆಂದವಿದ್ದವು.

ಮರುದಿನ ಊರೆಲ್ಲ ಬನ್ನಿಗೆ ಹೋದಾಗ ಸಾವ್ಕಾರರೂ ಸೀಮೋಲ್ಲಂಘನ ಮಾಡಿದರು, ಸೀರೆಗಳ ಗಾಡಿ ಸಮೇತ. ಇಲ್ಲಿಂದ ರಬಕವಿಗೆ ಎಷ್ಟು ದೂರ? ಎಲೆ ಅಡಿಕೆ ಬಾಯಲ್ಲಿ ಕರಗುವುದರೊಳಗೆ ಮುಟ್ಟುತ್ತೇವೆ. ಆದರೆ ಅದು ಸಾಂಗಲಿ ಸಂಸ್ಥಾನ; ಜಮಖಂಡಿಯ ಕೋರ್ಟಿನಿಂದ ಜಪ್ತಿಗೆ ಬರುವ ಬೇಲೀಫನಿಗೆ ಅಲ್ಲಿ ಕಿಮ್ಮತ್ತಿಲ್ಲ. ಅಲ್ಲಿಯ ಒಬ್ಬ ಲೇವಾದೇವಿಯವನ ಹತ್ತಿರ ಸೀರೆಗಳನ್ನು ಒತ್ತೆಯಿಟ್ಟು ಬಂದರು. ಬನ್ನಿ ಕೊಡಲು ಬಂದ ನೇಕಾರರು ದೇವರ ಕೋಣೆಯಲ್ಲಿ ದೇವರನ್ನು ಮಾತ್ರ ಕಂಡರು.

ಈಗ ಕೋರ್ಟಿನಲ್ಲಿ ಸಾವ್ಕಾರರ ಆಸ್ತಿಯ ಮೇಲೆ ಹಕ್ಕು ಹೇಳುವವರ ಯಾದಿಯಾಗಿದೆ. ಮೇಲೆ ಹದಿನಾಲ್ಕು ಜನ ಸಾಲ ಕೊಟ್ಟವರು, ಅವರ ಕೆಳಗೆ ನೇಕಾರರು. ಮೇಲಿನವರು ಉಂಡು ಕೈ ತೊಳೆದಮೇಲೆ ಕೆಳಗಿನವರಿಗೆ ನೀರು ಉಳಿದರೆ ಹೆಚ್ಚು. ಆದರೆ ನ್ಯಾಯಾಧೀಶರು ಒಂದು ಮಾತು ಹೇಳಿದ್ದಾರೆ. ನೇಕಾರ ತನ್ನ ವಶದಲ್ಲಿಟ್ಟುಕೊಂಡ ಸೀರೆಯ ಮೇಲೆ ಮೊದಲ ಹಕ್ಕು ಅವನ ಮಜೂರಿಯದೇ. ಪೂಜೆಗೆಂದು ಇಟ್ಟದ್ದಾದರೆ ಅದು ಒಪ್ಪಿಸಿದ ಹಾಗಲ್ಲ. ಆಗ ಸಾಂಗಲಿ ದರಬಾರಿಗೆ ಬರೆದು ಸೀರೆಗಳನ್ನು ತಡೆಹಿಡಿಸುತ್ತಾರಂತೆ. ಒಪ್ಪಿಸಿದ್ದಾದರೆ ಹಕ್ಕು ಮುಗಿಯಿತು. ಯಾವುದು ನಿಜವೆಂದು ಹೇಳಲು ಚೀಟಿಯಿಲ್ಲ, ಪುಸ್ತಕದಲ್ಲಿ ನಮೂದಿಲ್ಲ. ಇರುವುದು ಗುಮಾಸ್ತನ ನಾಲಿಗೆಯೊಂದೇ. ಶುಕ್ರವಾರ ಸಾಕ್ಷಿ ಹೇಳಲು ನನಗೆ ಸಮನ್ಸು ಬಂದಿದೆ.

ಸಾವ್ಕಾರರು ಮೊನ್ನೆ ಮಧ್ಯಾಹ್ನ ಮನೆಗೆ ಬಂದಿದ್ದರು. ಕರೆದರೂ ಬಾರದಿದ್ದ ಮನುಷ್ಯ ನಮ್ಮ ಹರಕು ಚಾಪೆಯ ಮೇಲೆ ಕುಳಿತು, ಕೊಟ್ಟ ನೀರನ್ನು ಎರಡು ಕೈಯಿಂದ ಹಿಡಿದು ಕುಡಿದರು. "ಪರಮಾನಂದ, ಒಪ್ಪಿಸಿದ್ರು ಅಂತ ಒಂದು ಮಾತು ಅನ್ನಪಾ. ಸೀರಿ ಹೋದ್ರ ರಬಕವಿಯಾಂವ ನನ್ನ ಮನಿ ಜಪ್ತಿ ಮಾಡಸ್ತಾನ. ನಿನ್ನ ಪಗಾರ ಮಾತ್ರ ಹೆಂಗಾರ ಮಾಡಿ ಪೂರ್ತಿ ಕೊಡ್ತೇನಿ" ಎಂದರು. ಕಣ್ಣಲ್ಲಿ ನೀರಿತ್ತು, ಅದು ನಾಟಕವಲ್ಲ. ಅವರ ತಾಯಿ ಹಾಸಿಗೆ ಹಿಡಿದಿದ್ದಾಳೆ, ನಿನಗೆ ಗೊತ್ತು. ನಾನು ಹೂಂ ಅನ್ನಲಿಲ್ಲ, ಊಹೂಂ ಕೂಡ ಅನ್ನಲಿಲ್ಲ. ಪ್ರಾಸ ಕೂಡಿಸುವ ಬಾಯಿಗೆ ಅವೆರಡರಲ್ಲಿ ಒಂದು ಹೊರಡಲಿಲ್ಲ ನೋಡು.

ಅವರು ಹೋದದ್ದನ್ನು ನೋಡಿಯೇ ಇರಬೇಕು, ಶಂಕರೆಪ್ಪನ ಹೆಂಡತಿ ಲಗಮವ್ವ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬಾ ಎಂದರೆ ಬರಲಿಲ್ಲ. "ನಿಮ್ಮ ಬರವಣಗಿ ಭಾಳ ಛಲೋ ಐತ್ರೀ ಗುಮಾಸ್ತರ. ಬೇಕಾದ ದಿನಾನ ನಿಮ್ಮ ಟಾಕು ಒಣಗಿತ್ತಲ್ರೀ" ಎಂದಳು. ಆಮೇಲೆ ದನಿ ತಗ್ಗಿಸಿ, "ನಮ್ಮವರು ಮಗ್ಗದಾಗ ಇಳಿಯಾಕ ಒಲ್ಲೆ ಅಂತಾರ್ರೀ. ದೇವರ ಹೆಸರಿಲೆ ಕೊಯ್ದು ಮೋಸ ಹ್ವಾದೆ, ಇನ್ನ ಲಾಳಿ ಹಿಡಿಯಾಕ ಕೈ ಏಳವಲ್ದು ಅಂತಾರ. ಅವರು ಕೊಯ್ದದ್ದು ದೇವರ ಮಾತಿಗೆ ಅಲ್ರೀ, ನಿಮ್ಮ ಮಾತಿಗೆ" ಎಂದು ಹೇಳಿ ಹೋದಳು. ಬೈದಿದ್ದರೆ ಒಂದು ಚೌಪದಿ ಕಟ್ಟಿ ಮರೆಯುತ್ತಿದ್ದೆ. ಮರ್ಯಾದೆಯಿಂದ ಹೇಳಿದಳು. ಅಂದಿನಿಂದ ಮಾಳಿಯವರ ಓಣಿಯ ಕಡೆಯಿಂದ ಸುತ್ತು ಹಾಕಿ ಪೇಟೆಗೆ ಹೋಗುತ್ತಿದ್ದೇನೆ. ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿಲ್ಲ. ನಿನಗೆ ಆ ಸದ್ದಿನಿಂದ ತಲೆನೋಯುತ್ತಿತ್ತಲ್ಲ, ಈಗ ಬಂದರೆ ಅದಿಲ್ಲದ್ದಕ್ಕೆ ನೋಯುತ್ತದೆ.

ಇಷ್ಟು ಬರೆಯುವಷ್ಟರಲ್ಲಿ, ಮುಧೋಳಕ್ಕೆ ಹೊರಟು ಬಾಗಿಲಲ್ಲಿ ನಿಂತ ಗಾಡಿಯ ಪರಸಪ್ಪ ಎರಡು ಸಲ ಕೆಮ್ಮಿದ. ಈ ಕಾಗದ ಅವನ ಕೈಲಿಯೇ ಕೊಡುತ್ತೇನೆ. ಶೇವಂತಿಗೂ ಕೂಸಿಗೂ ನೂರು ವರ್ಷ ಆಯುಷ್ಯವಿರಲಿ, ಅಳಿಯಂದಿರಿಗೆ ಶರಣು ಹೇಳು, ಬೀಗತಿಗೆ ನನ್ನ ಅಡಿಗೆಯ ಸುದ್ದಿ ಹೇಳಿ ನಗಿಸು. ಚಳಿ ಬಿದ್ದಿದೆ, ಬಾಣಂತಿಯ ಕಿವಿಗೆ ಅರಿವೆ ಕಟ್ಟು.

ನಿನ್ನ,
ಪರಮಾನಂದ

ತಾ.ಕ.: ಎರಡು ವಾರದ ಹಿಂದೆ ಶೇವಂತಿಯ ಜೀವಕ್ಕೆ ಕಷ್ಟವೆಂದು ಸುದ್ದಿ ಬಂದಾಗ ನಾನು ಕಳಿಸಿದ ಮೂವತ್ತು ರೂಪಾಯಿ ಪಗಾರದ್ದೆಂದು ನೀನು ತಿಳಿದಿರಬೇಕು. ಅದು ಸಾವ್ಕಾರರು ಕೊಟ್ಟದ್ದು, "ನಿನ್ನ ಸಾಕ್ಷಿ ನೆನಪಿರಲಿ" ಎಂದು ಹೇಳಿಯೇ ಕೊಟ್ಟದ್ದು. ಕೇಳಿಸಿಕೊಂಡೇ ತೆಗೆದುಕೊಂಡೆ. ಅದು ಡಾಕ್ಟರರಿಗೂ ಔಷಧಕ್ಕೂ ಹೋಗಿ ಮುಗಿದಿರುತ್ತದೆ, ಹೋಗಲಿ, ಮಗಳು ಉಳಿದಳು. ಆದರೆ ಆ ಹಣವನ್ನು ಅವರ ಕೈಗೆ ಹಿಂದಕ್ಕಿಡದೆ ಕಟಕಟೆಯಲ್ಲಿ ನಿಲ್ಲಲು ನನಗಾಗದು. ಪರಸಪ್ಪ ಗುರುವಾರ ತಿರುಗಿ ಬರುತ್ತಾನೆ, ನಂಬಿಕೆಯ ಮನುಷ್ಯ. ನಿನ್ನ ಕೈಯ ಬಂಗಾರದ ಪಾಟಲಿ ಬಳೆ ಎರಡನ್ನೂ ಅವನ ಕೈಲಿ ಕಳಿಸು. ನಿನ್ನ ತವರಿನವು, ಕೇಳಲು ನನಗೆ ಅಧಿಕಾರವಿಲ್ಲ, ಗೊತ್ತಿದೆ. ಅವನು ಬರಿಗೈಲಿ ಬಂದರೆ ಶುಕ್ರವಾರ ನನ್ನ ಬಾಯಿಂದ ಏನು ಬರುತ್ತದೆಯೋ ನನಗೆ ಗೊತ್ತಿಲ್ಲ, ಗುರುಬಸವ್ವ.