ಹತ್ತು ಸಾವಿರ ಪುಸ್ತಕ ತಿಂದ ಗೆದ್ದಲು

ನಿಗಡಿ, ಪುಣೆ
22 ಏಪ್ರಿಲ್ 2008

ನನ್ನ ಮುದ್ದು ಅವ್ವ,

ತೀರ್ಥರೂಪ, ಸಾಷ್ಟಾಂಗ ಎಂದೆಲ್ಲ ಬರೆಯುವುದನ್ನು ನನ್ನ ಕಾನ್ವೆಂಟಿನಲ್ಲಿ ಕಲಿಸಲಿಲ್ಲ. ಕಾಲಿಗೆ ಬಿದ್ದೆನೆಂದು ತಿಳಿದುಕೋ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ನಿಂತು ಕಿವಿಗೊಡುತ್ತಾರೆ, ಅದಕ್ಕೇ ಈ ಕಾಗದ.

ನಾನು ಎಷ್ಟು ಸುಖವಾಗಿದ್ದೇನೆ ಗೊತ್ತೇ? ಈ ವಾರವೆಲ್ಲ ನಿನ್ನ ಅಳಿಯ ಸಿದ್ದಾರೂಢ ಮನೆಯಲ್ಲೇ ಇದ್ದಾರೆ. ರಜೆ. ನಾನು ಏಳುವ ಮೊದಲೇ ಶುಂಠಿ ಚಹಾ ಮಾಡಿ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು ಪೇಪರ್ ಓದಿ ಹೇಳುತ್ತಾರೆ. ನಿನ್ನೆ ಕಡಲೆಹಿಟ್ಟು ಕಲಸಿ ಜುಣಕ ಮಾಡಿದರು. ಉಪ್ಪು ಎರಡು ಸಲ ಬಿದ್ದಿತ್ತು, ಆದರೂ ನಾನು ತಟ್ಟೆ ಬಳಿದು ತಿಂದೆ.

ಇವರ ನೌಕರಿ ಕಾಯಂ ಆಯಿತೇ ಎಂದು ನೀನು ಕೇಳಿದ್ದೀ. ಜುಲೈನಲ್ಲಿ ಆಗುವುದಿತ್ತು. ಆದರೆ ಸದಾಶಿವ ಪೇಠದ ಆ ಕಾಲೇಜನ್ನು ನಡೆಸುವವರು ಎಂಥವರು ಎಂದು ಮೊದಲು ಹೇಳದಿದ್ದರೆ ನಿನಗೆ ಏನೂ ಅರ್ಥವಾಗದು.

ಹೋದ ವರ್ಷ ಅಲ್ಲಿಗೆ ತಪಾಸಣಾ ಸಮಿತಿ ಬರುವುದಿತ್ತು. ಗ್ರಂಥಾಲಯದಲ್ಲಿ ಪುಸ್ತಕ ಕಡಿಮೆ. ಪ್ರಿನ್ಸಿಪಾಲರು ಯಾವುದೋ ಕಂಪನಿಯಿಂದ ಒಂದೇ ಏಟಿಗೆ ಹತ್ತು ಸಾವಿರ ಇ-ಪುಸ್ತಕ ತರಿಸಲು ಹೊರಟರು. ಇವರು ಗ್ರಂಥಪಾಲಕರಲ್ಲವೇ, ಬುದ್ಧಿ ಹೇಳಿದರು: ಮಕ್ಕಳು ದಿನಾ ಕೈಗೆತ್ತಿಕೊಳ್ಳುವ ಪಠ್ಯಪುಸ್ತಕ ಕಾಗದದಲ್ಲೇ ಇರಲಿ, ಅಪರೂಪಕ್ಕೆ ನೋಡುವ ದುಬಾರಿ ಪುಸ್ತಕ ಮಾತ್ರ ಕಂಪ್ಯೂಟರಿನಲ್ಲಿ ಬರಲಿ, ಅಲ್ಲದೆ ಇದು ಕೊಳ್ಳುವುದಲ್ಲ, ಒಂದು ವರ್ಷದ ಬಾಡಿಗೆ. ಪ್ರಿನ್ಸಿಪಾಲರು ಇಪ್ಪತ್ತೊಂಬತ್ತು ವರ್ಷದ ನನ್ನ ಗಂಡನನ್ನು ಹಳೇ ಕಾಲದವನೆಂದು ಕರೆದು ನಕ್ಕರಂತೆ.

ಆಮೇಲೆ ಒಂದು ಹಾಲ್ ತುಂಬ ಇದ್ದ ಪುಸ್ತಕಗಳನ್ನು ರದ್ದಿಯವನಿಗೆ ತೂಗಿಕೊಟ್ಟು, ಏಸಿ ಹಾಕಿಸಿ, ಕಂಪ್ಯೂಟರಿಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಹತ್ತು ಸಾವಿರವೂ ಕಾಲೇಜಿನ ಸ್ವಂತ ಆಸ್ತಿ ಎಂದು ಆಫೀಸಿನವರು ದಾಖಲೆ ಮಾಡಿದರು. ಸಮಿತಿಯವರು ಬಂದು ಆ ಸಂಖ್ಯೆ ನೋಡಿ, ಶ್ರೀಖಂಡ ತಿಂದು, ಶಾಲು ಹೊದ್ದು ಹೋದರು. ಒಬ್ಬರೂ ಒಂದು ಪುಟ ತೆರೆಯಲಿಲ್ಲ.

ಈ ಮಾರ್ಚಿಗೆ ಬಾಡಿಗೆಯ ಅವಧಿ ಮುಗಿಯಿತು. ಇವರು ನೆನಪಿಸಿದರೂ ಹಣ ಕಟ್ಟಲಿಲ್ಲ. ಏಪ್ರಿಲ್ ಒಂದಕ್ಕೆ ಕಂಪ್ಯೂಟರ್ ತೆರೆದರೆ ಒಂದು ಪುಸ್ತಕವೂ ಇಲ್ಲ. ಪರೀಕ್ಷೆಯ ಹೊತ್ತಿಗೆ ಮಕ್ಕಳಿಗೆ ಕಾಗದದ್ದೂ ಇಲ್ಲ, ಕಂಪ್ಯೂಟರಿನದೂ ಇಲ್ಲ. ವಾರ್ಷಿಕ ಎಣಿಕೆಯಲ್ಲಿ ಹತ್ತು ಸಾವಿರ ಪುಸ್ತಕ ನಾಪತ್ತೆಯೆಂದು ಬಂತು. ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರು ಗ್ರಂಥಪಾಲಕರು, ಆದ್ದರಿಂದ ಇವರಿಗೆ ನೋಟಿಸ್. ಕಾವಲಿನ ಗೂಳಪ್ಪನನ್ನೂ ಕರೆಸಿ ವಿಚಾರಿಸಿದರಂತೆ. "ಅಷ್ಟು ಪುಸ್ತಕ ಒಯ್ಯಾಕ ಲಾರಿ ಬೇಕ್ರಿ ಸಾಹೇಬ್ರ, ನಮ್ಮ ಗೇಟಿನಾಗ ಲಾರಿ ಬಂದಿಲ್ರಿ" ಎಂದನಂತೆ ಪಾಪ.

ಕಾಲೇಜಿನವರು ದಡ್ಡರಾಗಿದ್ದರೆ ಮರುಕಪಡುತ್ತಿದ್ದೆ ಅವ್ವ. ಅವರಿಗೆ ಎಲ್ಲ ಗೊತ್ತು. ಬಾಡಿಗೆಯದನ್ನು ಸ್ವಂತದ್ದೆಂದು ತೋರಿಸಿದೆವು ಎಂದು ಬರೆದುಕೊಡುವ ಧೈರ್ಯ ಮಾತ್ರ ಒಬ್ಬರಿಗೂ ಇಲ್ಲ. ಅದಕ್ಕೆ ಆಫೀಸ್ ಸೂಪರಿಂಟೆಂಡೆಂಟ್ ಪ್ರಲ್ಹಾದರಾಯರು ಉಪಾಯ ಹಿಡಿದು ನಮ್ಮ ಮನೆಗೇ ಬಂದರು. ನಮ್ಮ ವಿಜಾಪುರದ ಕಡೆಯವರೇ, ಮದುವೆಯಲ್ಲಿ ಹೋಳಿಗೆಯನ್ನು ಕೇಳಿ ಕೇಳಿ ಹಾಕಿಸಿಕೊಂಡರಲ್ಲ, ಅವರು. ನಿಯಮದ ಪ್ರಕಾರ ಪುಸ್ತಕವನ್ನು ಲೆಕ್ಕದಿಂದ ತೆಗೆಯಬೇಕಾದರೆ ಅದು ಹರಿದಿರಬೇಕು, ಇಲ್ಲವೇ ನೆನೆದಿರಬೇಕು, ಇಲ್ಲವೇ ಗೆದ್ದಲು ತಿಂದಿರಬೇಕು. "ಗೆದ್ದಲ ಹತ್ತಿ ಹಾಳಾಗ್ಯಾವ ಅಂತ ಒಂದ್ ಸಹಿ ಮಾಡ್ರಿ. ಜುಲೈದಾಗ ಕಾಯಂ ಆರ್ಡರ್ ನಾನೇ ಮನಿಗೆ ತಂದ್ ಕೊಡ್ತೀನಿ. ಭಾಳ ವಿಚಾರ ಮಾಡಬ್ಯಾಡ್ರಿ" ಎಂದರು.

ಕಾಗದವನ್ನು ಟೈಪ್ ಮಾಡಿಸಿಯೇ ತಂದಿದ್ದರು. ಕಂಪ್ಯೂಟರಿನ ಒಳಗಿದ್ದ ಹತ್ತು ಸಾವಿರ ಪುಸ್ತಕಗಳನ್ನು ಗೆದ್ದಲು ತಿಂದಿದೆ ಎಂದು ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ. ಕೆಳಗೆ ಪ್ರಿನ್ಸಿಪಾಲರ ಸಹಿ, ಪಿಎಚ್.ಡಿ. ಮಾಡಿದ ಪ್ರಾಧ್ಯಾಪಕರ ಸಹಿ. ಅಷ್ಟು ಪದವಿಗಳು ಒಟ್ಟಿಗೆ ಅಷ್ಟು ಕೆಳಗೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಎಲ್ಲಕ್ಕಿಂತ ಮೇಲೆ ಇವರಿಗೆ ಜಾಗ ಬಿಟ್ಟಿದ್ದರು. ಇವರು ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ನೋಡಿದರು. "ಏನ್ ಮಾಡ್ಲಿ ಸಪ್ನಾ, ಹೇಳು" ಎಂದರು.

ಇರಲಿ, ಕುಕ್ಕರ್ ಕೂಗುತ್ತಿದೆ. ನಿನ್ನ ಅಳಿಯ ಅನ್ನ ತಳ ಹಿಡಿಸುವ ಮೊದಲು ಹೋಗಬೇಕು. ಮದುವೆಯ ದಿನ ನಾಲಿಗೆ ಬಿಗಿ ಹಿಡಿ ಎಂದಿದ್ದೆಯಲ್ಲ, ನೆನಪಿದೆ.

ನಿನ್ನ ಬಾಯಿಬಡುಕ ಮಗಳು,
ಸಪ್ನಾ

ತಾ.ಕ.: ಅದು ರಜೆಯಲ್ಲ ಅವ್ವ. ಸಹಿ ಹಾಕದ ಮರುದಿನವೇ ಇವರಿಗೆ ಬರಬೇಡವೆಂದರು. ಹಾಕಬ್ಯಾಡ್ರಿ ಎಂದವಳು ನಾನೇ. ಇವರು ಪೆನ್ನಿನ ಮುಚ್ಚಳ ಹಾಕಿದರು. ರಾಯರು ಹೋದ ಮೇಲೆ ಇಬ್ಬರೂ ಬಿದ್ದು ಬಿದ್ದು ನಕ್ಕೆವು, ಆಮೇಲೆ ನನಗೆ ಅಳು ಬಂತು, ಆಗಲೇ ಮೊದಲ ಶುಂಠಿ ಚಹಾ ಮಾಡಿಕೊಟ್ಟದ್ದು. ಬಾರಾಮತಿಯ ಒಂದು ಕಾಲೇಜಿಗೆ ಅರ್ಜಿ ಹಾಕಿದ್ದಾರೆ. ನೌಕರಿ ಯಾಕೆ ಹೋಯಿತೆಂದು ಅಪ್ಪನಿಗೆ ನಿನಗೆ ತೋಚಿದ್ದು ಹೇಳು. ಗೆದ್ದಲು ಎಂದು ಮಾತ್ರ ಹೇಳಬೇಡ.