ಕಂಪ್ಯೂಟರಿನಲ್ಲೇ ಬಿಟ್ಟು ಹೋದ ಕಾರ್ಡು

ನವೆಂಬರ್ 12, ಮಂಗಳವಾರ

ವೀವಿ ಮೇಡಂ ನನ್ನನ್ನೇ ಯಾಕೆ ಕೇಳಿದರು? ಕಂಪ್ಯೂಟರ್ ಕಳ್ಳರನ್ನು ತಡೆಯುವ ಕಂಪನಿಯ ಪರವಾಗಿ ಸರ್ಕಾರದವರ ಜೊತೆ ಮಾತಾಡಲು ರಾಜಧಾನಿ ಟಾಲಿನ್‌ನಿಂದ ಬಂದವರು ಅವರು. ನಾನು ಈ ನಗರಸಭೆಯಲ್ಲಿ ನೆಲ ಒರೆಸುವವಳು.

"ಸಂಜೆ ಎಲ್ಲರೂ ಹೋದಮೇಲೆ ಮೇಜಿನ ಮೇಲೆ ಏನೇನು ಕಾಣತ್ತೆ, ಕೈರಿ?"

"ಕಂಪ್ಯೂಟರ್ ತೆರೆಯೋಕೆ ಹಾಕೋ ಗುರುತಿನ ಕಾರ್ಡನ್ನ ಅದರಲ್ಲೇ ಬಿಟ್ಟು ಹೋಗಿರ್ತಾರೆ. ಒಬ್ಬರಂತೂ ಗುಟ್ಟಿನ ಅಂಕಿನೂ ಪಕ್ಕದಲ್ಲೇ ಬರೆದು ಅಂಟಿಸಿದ್ದಾರೆ."

ಮೇಡಂ ಜೋರಾಗಿ ನಕ್ಕರು. "ಎಲ್ಲಾ ಭದ್ರವಾಗಿದೆ ಅಂತ ನಿಮ್ಮ ಮೇಯರ್ ಮೂರು ತಿಂಗಳಿಂದ ನನ್ನ ತಲೆ ತಿಂತಿದ್ದಾರೆ! ನಾಳೆ ಸಭೇಲಿ ಇಷ್ಟೇ ಹೇಳ್ತೀಯಾ? ಹೆಸರು ಬೇಡ."

ಅಂಟಿಸಿದವರು ಮೇಯರೇ ಅಂತ ನಾನು ಹೇಳಲಿಲ್ಲ. ನನ್ನ ಕೆಲಸ ಹೋದರೂ ಹೋಗಬಹುದು. ಆದರೂ ಮೇಯರ್ ಮುಖ ಹೇಗಾಗುತ್ತದೋ ನೋಡುವ ಆಸೆ. ಬರ್ತೀನಿ ಅಂದುಬಿಟ್ಟೆ. ಎಲ್ಲಿ ಕೂರಬೇಕೆಂದು ಕೇಳಲೇ ಇಲ್ಲ. ಅಲ್ಲಿನ ಕುರ್ಚಿಗಳನ್ನೆಲ್ಲ ಒರೆಸಿದ್ದೇನೆ, ಒಂದರಲ್ಲೂ ಕೂತು ಗೊತ್ತಿಲ್ಲ.