ಒಂಬತ್ತನೇ ಸಂಚಿಕೆಯ ಕೊನೆಯ ಪುಟಕ್ಕೆ ಉತ್ತರ

ಇಸವಿ ೨೧೯೦, ಕಾಲುವೆಗೆ ನೀರು ಬಿಟ್ಟ ಇಪ್ಪತ್ತನೇ ದಿನ
ಸಿಂಧನೂರು ಸೀಮೆ, ಮೂರನೇ ಗೇಟಿನ ಮನೆ

‘ಬಿಚ್ಚೋಲೆ’ ಪತ್ರಿಕೆ ನಡೆಸುವ ಹಿರಿಯರಿಗೆ ಅಂಬವ್ವ ಮಾಡುವ ಶರಣು.

ಮೇಲಿನ ಇಸವಿ ಕೈತಪ್ಪಿ ಬಿದ್ದದ್ದಲ್ಲ, ಮತ್ತೊಮ್ಮೆ ನೋಡಿಕೊಂಡೇ ಬರೆದಿದ್ದೇನೆ. ನಾನು ಓದಿದ್ದು ನಾಲ್ಕನೇ ಇಯತ್ತೆಯವರೆಗೆ, ಅದೂ ನಡುನಡುವೆ ಬಿಟ್ಟು. ಮಾತು ಎಲ್ಲಾದರೂ ವಿಚಿತ್ರವಾಗಿ ಕಂಡರೆ ಅದು ಕಾಲದ ದೋಷವೋ ನನ್ನ ದೋಷವೋ ನನಗೇ ಗೊತ್ತಾಗುವುದಿಲ್ಲ. ಹೊಟ್ಟೆಗೆ ಹಾಕಿಕೊಳ್ಳಿ.

೨೦೨೬ರ ಒಂಬತ್ತನೇ ಸಂಚಿಕೆಯ ಕೊನೆಯ ಪುಟದಲ್ಲಿ ನೀವು ಓದುಗರನ್ನು ಒಂದು ಮಾತು ಕೇಳಿದ್ದೀರಿ. ಮುಕ್ತ ತಂತ್ರಾಂಶ ವಾರಕ್ಕೊಮ್ಮೆ ಬದಲಾಗುತ್ತದೆ, ಪತ್ರಿಕೆ ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಹಳಸಿರುತ್ತದೆ, ಇನ್ನು ಕಾಗದದ ಪತ್ರಿಕೆ ಬೇಕೇ ಬೇಡವೇ, ತಿಂಗಳ ಮೂವತ್ತರೊಳಗೆ ತಿಳಿಸಿ ಎಂದು. ಅದಕ್ಕೇ ಈ ಕಾಗದ.

ನಾನು ಕಾಲುವೆಯ ಗೇಟು ಕಾಯುವವಳು. ಗೇಟು ಎತ್ತುವುದು ಯಂತ್ರ, ಯಂತ್ರಕ್ಕೆ ಹೇಳುವುದು ನಿಮ್ಮ ಕಾಲದವರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಅದೇ ತಂತ್ರಾಂಶ. ಅದನ್ನು ತಿದ್ದುತ್ತಾ ಬಂದವರನ್ನೆಲ್ಲ ನಾವು ಕೂಡುಬಳಗ ಎನ್ನುತ್ತೇವೆ, ನಾನೂ ಅದರಲ್ಲಿ ಒಬ್ಬಳು, ಮೂಲೆಯಲ್ಲಿ ಕೂರುವವಳು. ಬಳಗದಲ್ಲಿ ಕಳೆಸಭೆ ಎಂಬ ಪದ್ಧತಿ ಇದೆ. ತಂತ್ರಾಂಶದ ಯಾವುದಾದರೂ ಸಾಲು ಏಕಿದೆ ಎಂದು ಮೂರು ಅಮಾವಾಸ್ಯೆ ಕೂಗಿ ಕೇಳುತ್ತಾರೆ. ಮೂರು ಕೂಗಿಗೂ ಯಾರೂ ಕಾರಣ ಹೇಳದಿದ್ದರೆ ಕಳೆ ಎಂದು ಕಿತ್ತುಹಾಕುತ್ತಾರೆ. ಗಾಳಿಬರಹ, ಅಂದರೆ ತಂತಿಯಿಲ್ಲದೆ ಓಡಾಡುವ ನಮ್ಮ ಬರಹ, ಇವತ್ತಿನದನ್ನು ಬರೆದಾಗ ನಿನ್ನೆಯದನ್ನು ಅಳಿಸಿಬಿಡುತ್ತದೆ. ಹಾಗಾಗಿ ಯಾರೂ ಕಾರಣ ಹೇಳಲಾಗದ ಸಾಲುಗಳೇ ಹೆಚ್ಚು.

ಈ ಬೇಸಿಗೆಯಲ್ಲಿ ಒಂದು ಸಾಲು ಕೂಗಿಗೆ ಬಂತು. ನೀರು ಬರುತ್ತದೆಂದು ಎಚ್ಚರಿಸುವ ಗಂಟೆ ಬಾರಿಸಿದ ಮೇಲೆ ಹನ್ನೊಂದು ನಿಮಿಷ ಕಾಯ್ದು ಗೇಟು ಎತ್ತು, ಅಷ್ಟೇ. ಬೇಡ ಎಂದೆ. ಕಾರಣ ಗೊತ್ತಿಲ್ಲ, ತೆಗೆಯಲು ಅಂಜಿಕೆ ಆಗುತ್ತದೆ ಎಂದೆ. ಸಭೆ ನಡೆಸುವ ಮೌಲಾಲಿಗೆ ಬಾಯಿ ಬಹಳ. “ಅಂಬಕ್ಕಾ, ಎಮ್ಮಿ ಸೈತ ಒಂದು ನಿಮಿಷದಾಗ ನೀರಿಂದ ಮ್ಯಾಲ ಬರತಾವ. ಹನ್ನೊಂದು ಯಾಕ ಬೇಕವ್ವಾ? ನಿನ್ನ ಅಂಜಿಕಿಗೊಂದು ಸಾಲು ಬಿಟ್ಟರ ತಂತ್ರಾಂಶ ಹೋಗಿ ಜಾಲಿ ಅಡವಿ ಆಗತೈತಿ,” ಎಂದ. ಎಲ್ಲರೂ ನಕ್ಕರು. ಎರಡು ಕೂಗು ಆಗಿಹೋಯಿತು. ಮೂರನೆಯದಕ್ಕೆ ಒಂಬತ್ತು ದಿನ ಇತ್ತು.

ಆಗಲೇ ನಮ್ಮ ಅತ್ತೆ ಹುಲಿಗೆವ್ವ ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿಗಳನ್ನು ಬಿಸಿಲಿಗೆ ಹಾಕಲು ಹಳೆಯ ಟ್ರಂಕು ತೆರೆದರು. ತಳಕ್ಕೆ ಹಾಸಿದ್ದು ನಿಮ್ಮ ಪತ್ರಿಕೆ. ಯಾವ ಮುತ್ತಜ್ಜಿ ಹಾಸಿದ್ದಳೋ ಕಾಣೆ. ತಂತ್ರಾಂಶ ಹಾಕಿಕೊಳ್ಳುವ ವಿಧಾನ ಎಂದು ನಾಲ್ಕು ಪುಟ ಇತ್ತು, ಅದು ನಿಮ್ಮ ಕಾಲಕ್ಕೇ ಹಳಸಿತ್ತೇನೋ, ಆ ಮಾತಿನಲ್ಲಿ ನೀವು ಸುಳ್ಳು ಹೇಳಿಲ್ಲ. ಆದರೆ ಹದಿನೇಳನೇ ಪುಟದಲ್ಲಿ ವಿರೂಪಣ್ಣ ಎಂಬುವರು ಆ ಸಾಲು ಬರೆದ ಬಗೆ ಹೇಳಿದ್ದರು.

ಮಾನವಮಿ, ಅಂದರೆ ದಸರಾ ಹಬ್ಬದ ಮುಂದೆ ಹೆಂಗಸರು ವರ್ಷಕ್ಕೊಮ್ಮೆ ಕೌದಿಗಳನ್ನು ಒಗೆಯಲು ಕಾಲುವೆಗೆ ತರುತ್ತಾರೆ. ನೀರು ಕುಡಿದ ಕೌದಿ ಹೆಣಭಾರ, ಬಿಟ್ಟು ಬರಲು ಮನಸ್ಸು ಒಪ್ಪುವುದಿಲ್ಲ. ಗಂಟೆ ಕೇಳಿದರೂ ಎಳೆಯುತ್ತಲೇ ಇರುತ್ತಾರೆ. ಅದು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಲು ವಿರೂಪಣ್ಣ ಗಡಿಯಾರ ಹಿಡಿದು ಕಾಲುವೆಯ ಮೆಟ್ಟಿಲ ಮೇಲೆ ನಿಂತರಂತೆ. ಕೆಳಗೆ ತಾಯಮ್ಮ ಎಂಬುವಳು ಸೊಸೆಯೊಂದಿಗೆ ಎಳೆಯುತ್ತಿದ್ದವಳು, “ಏ ಯಪ್ಪಾ, ಗಡಿಯಾರಕ್ಕ ಆಮ್ಯಾಲ ಪೂಜಿ ಮಾಡೀಯಂತ, ಈಗ ಒಂದು ಮೂಲಿ ಹಿಡಿ ಬಾ!” ಎಂದು ಗದರಿದಳಂತೆ. ಹಿಡಿದಾಗ ಒಂಬತ್ತು ನಿಮಿಷ, ಹಿಡಿಯದಿದ್ದಾಗ ಹನ್ನೊಂದು. ಯಾವಾಗಲೂ ಯಾರಾದರೂ ಹಿಡಿಯಲು ಇರುತ್ತಾರೆಂಬ ಭರವಸೆ ಇಲ್ಲ, ಆದ್ದರಿಂದ ಹನ್ನೊಂದೇ ಬರೆದೆ ಎಂದು ಮುಗಿಸಿದ್ದರು.

ವರ್ಷದಲ್ಲಿ ಒಂದೇ ದಿನ ಬೇಕಾಗುವ ಕಾರಣ ಬೇಸಿಗೆಯಲ್ಲಿ ಯಾರಿಗೆ ನೆನಪಾದೀತು? ಗೇಟಿನ ಮೇಲೆ ಕೂತ ನನಗೂ ಮೆಟ್ಟಿಲು ಮರೆತಿತ್ತು.

ಮೂರನೇ ಕೂಗಿನ ದಿನ ಆ ಪುಟವನ್ನು ಎಡವುತ್ತಾ ಎಡವುತ್ತಾ ಓದಿದೆ. ಮೌಲಾಲಿ ಪುಟ ಇಸಿದುಕೊಂಡು ತಾನೂ ಓದಿದ. ಆಮೇಲೆ, “ಹಂಗಾದ್ರ ಹನ್ನೊಂದು ಎಲ್ಲಿ ಸಾಲತೈತಿ ಅಂಬಕ್ಕಾ? ನಮ್ಮವ್ವನ ಕೌದಿಗೆ ಹದಿನೈದು ಬೇಕು,” ಎಂದ. ಸಾಲು ಉಳಿಯಿತು. ಇನ್ನು ಮುಂದೆ ಪ್ರತಿ ಸಾಲಿನ ಕಾರಣವನ್ನೂ, ಹೇಳಿದವರ ಹೆಸರಿನೊಂದಿಗೆ, ಕಾಗದದ ಮೇಲೆ ಅಚ್ಚು ಹಾಕಿ ಊರೂರಿನ ಟ್ರಂಕಿನ ತಳಕ್ಕೆ ಹಾಸಬೇಕೆಂದು ಅವನೇ ಗೊತ್ತುವಳಿ ಮಾಡಿಸಿದ. ಬಾಳೆನಾರಿನ ಕಾಗದದಲ್ಲಿ ಮೊದಲ ಹಾಳೆ ಬಂದಿದೆ. ಮಸಿ ಸ್ವಲ್ಪ ಹರಡಿದೆ, ಆದರೆ ಓದಬಹುದು.

ಈಗ ನನ್ನ ಚಿಂತೆ ಕೇಳಿ. ಗೇಟಿನ ಎರಡನೇ ಗಂಟೆ ಏಕೆ ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ ಎಂದಿದ್ದೀರಿ. ಆ ಸಾಲಿಗೆ ಮೊದಲ ಕೂಗು ಆಗಿದೆ. ಹತ್ತನೇ ಸಂಚಿಕೆಗಾಗಿ ಸೀಮೆಯ ಹೆಂಗಸರೆಲ್ಲ ಟ್ರಂಕು ಬುಡಮೇಲು ಮಾಡುತ್ತಿದ್ದಾರೆ. ಅದು ಅಚ್ಚಾಯಿತೋ ಇಲ್ಲವೋ ನಮಗೆ ತಿಳಿಯದು. ಓದುಗರ ಉತ್ತರ ನೋಡಿ ನೀವು ಕೂತು ಏನು ನಿರ್ಧರಿಸಿದಿರೋ ಅದರ ಮೇಲಿದೆ. ಹೊಸ ಸುದ್ದಿ ಹಾಕಬೇಡಿ, ಅದು ಗಾಳಿಯಲ್ಲಿ ಓಡಲಿ. ಏಕೆ ಮಾಡಿದಿರಿ, ಯಾರು ಗದರಿದರು, ಅದನ್ನು ಹಾಕಿ. ಅದು ಹಳಸುವುದಿಲ್ಲ.

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ಅರಿಯೆ. ಒಂಬತ್ತನೇ ಸಂಚಿಕೆಯೊಳಗೇ ಮಡಚಿ ಇಡುತ್ತೇನೆ. ಮೂವತ್ತನೇ ತಾರೀಖು ದಾಟಿ ನೂರ ಅರವತ್ತನಾಲ್ಕು ವರ್ಷ ತಡವಾಗಿದೆ, ಮನ್ನಿಸಿ. ಆದರೂ ನನ್ನದೊಂದು, ಅತ್ತೆಯದೊಂದು, ಮೌಲಾಲಿಯದೊಂದು, ‘ಬೇಕು’ ಎಂಬ ಕಡೆ ಬರೆದುಕೊಳ್ಳಿ.